ಕೊಳ್ಳ ಹರಿಯುವ ಜಾಗ

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲಿನ ಶಾಸನ 1294ರದು, ಕಾಕತೀಯರ ಕಾಲದ್ದು. ಶಾಲೆಯಲ್ಲಿದ್ದಾಗ ಮಾಸ್ತರರು ನಮ್ಮನ್ನು ಸಾಲಾಗಿ ನಿಲ್ಲಿಸಿ ತೋರಿಸಿದ್ದು ಆ ಶಾಸನವನ್ನು. ನನ್ನ ಕಣ್ಣು ಹೋಗಿದ್ದು ಮಾತ್ರ ಅಲ್ಲೇ ಗೀರಿದ ಒಂದು ಚಿತ್ರದ ಕಡೆಗೆ. ಅದೇ ಬಂಡೆಯನ್ನು ಗಾಲಿಬಂಡಿಯ ಮೇಲೆ ಹೇರಿ, ಮುಂದೆ ಕೋಣಗಳ ಉದ್ದ ಸಾಲು ಹೂಡಿ ಎಳೆದು ತರುತ್ತಿದ್ದಾರೆ. ಹಿಂದಿನಿಂದ ಕೆಲವರು ಗಾಲಿಗೆ ಕೋಲು ಕೊಟ್ಟು ಮೀಟುತ್ತಿದ್ದಾರೆ. ಏಳುನೂರು ವರ್ಷದ ಹಿಂದೆ ಒಬ್ಬ ಕಲ್ಲುಕುಟಿಗನಿಗೆ, ಕಟ್ಟಿಸಿದವರ ಹೆಸರಷ್ಟೇ ಸಾಲದು, ತಂದವರ ಪಾಡೂ ಇಲ್ಲಿರಲಿ ಅನ್ನಿಸಿತಲ್ಲ!

ಎಳೆದದ್ದು ಚಿತ್ರದಲ್ಲಿದೆ. ರಾತ್ರಿ ಎಲ್ಲಿ ತಂಗಿದರು, ಅಷ್ಟು ಕೋಣಗಳಿಗೆ ಯಾವ ಬಾವಿಯ ನೀರು ಸೇದಿದರು, ಯಾರ ಹೊಲದ ಕಣಿಕೆ ಮೇಯಿಸಿದರು ಎಂಬುದಕ್ಕೆ ಚಿತ್ರವಿಲ್ಲ.

ಈ ಮಾತು ನೆನಪಾದದ್ದು ಹೈದರಾಬಾದಿನಿಂದ ನಮ್ಮ ಅಣ್ಣನ ಮಗ ಫೋನ್ ಮಾಡಿದಾಗ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಮನೆಯಂಥ ಟ್ರೇಲರ್ ಒಂದನ್ನು ಗೆಳೆಯನ ಕಡೆಯಿಂದ ನಾಲ್ಕು ದಿನದ ಮಟ್ಟಿಗೆ ಹೊಂದಿಸಿದ್ದ. ಒಳಗೆ ಮಲಗಲು ಜಾಗ, ಹಿಂಬದಿಯ ಬಾಗಿಲು ತೆಗೆದರೆ ಒಲೆ, ಮೇಲೆ ಸೋಲಾರ್ ಫಲಕ. ಹೆಂಡತಿ, ಮಗಳ ಜೊತೆ ನಮ್ಮ ಸೀಮೆಯನ್ನೇ ಸುತ್ತಬೇಕು ಅಂತ ಅವನ ಆಸೆ. ರಾಯಚೂರಿನಿಂದ ಹೊರಟು ಮಾನ್ವಿ, ಸಿರವಾರ, ದೇವದುರ್ಗ, ಕೃಷ್ಣೆಯ ದಂಡೆ. "ಕಾಕಾ, ನಮ್ಮ ಕಡೆ ಕಾಡು ಎಲ್ಲೈತಿ? ಯಾರೂ ಇಲ್ಲದ ಕಡೆ ಟ್ರೇಲರ್ ನಿಲ್ಲಿಸಿ ಎರಡು ರಾತ್ರಿ ಇರಬೇಕು" ಅಂದ.

ಐವತ್ತು ವರ್ಷ ಇದೇ ನೆಲದಲ್ಲಿ ಓಡಾಡಿದವನಿಗೆ ಒಂದು ಜಾಗದ ಹೆಸರು ಹೇಳಲು ಬರಲಿಲ್ಲ. ನೋಡಿ ಹೇಳತೀನಿ ಅಂದೆ. ಫೋನ್ ಇಟ್ಟ ಮೇಲೆ ಹೊಳೆದದ್ದು, ಅವನ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಎರಡೂ ಬೇರೆ ಬೇರೆ. ಕಾಡು ಎಲ್ಲಿದೆ ಎಂಬುದು ಒಂದು. ಎಲ್ಲಿ ನಿಲ್ಲಬಹುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಇಲ್ಲ. ಎರಡನೆಯದಕ್ಕೆ ಉತ್ತರ ಹುಡುಕುತ್ತಾ ಹೋದಷ್ಟೂ, ಒಂದು ಕಾಲಕ್ಕೆ ಅದು ಇತ್ತು, ನಾವೇ ಕಳೆದುಕೊಂಡೆವು ಎನ್ನುವುದು ಗಟ್ಟಿಯಾಯಿತು.

ನಮ್ಮ ಕಡೆ ಹೆಂಗಸರು "ಅವರು ಅಡವಿಗೆ ಹೋಗ್ಯಾರ" ಅಂದರೆ ಹೊಸಬರು ಗಾಬರಿಯಾಗುತ್ತಾರೆ. ಅಡವಿ ಅಂದರೆ ಹೊಲ. ಊರ ಅಗಸಿ ದಾಟಿದ ಮೇಲೆ ಸಿಗುವುದೆಲ್ಲ ಅಡವಿಯೇ. ತೊಗರಿ ನಿಂತಿರಲಿ, ಹತ್ತಿ ಬಿರಿದಿರಲಿ, ಕಾಲುವೆ ನೀರಿನ ಭತ್ತದ ಗದ್ದೆ ಇರಲಿ, ಬರೀ ಯರಿ ನೆಲ ಬಾಯಿ ಬಿಟ್ಟು ಬಿದ್ದಿರಲಿ. ಮಲೆನಾಡಿನವರಿಗೆ ಅಡವಿ ಅಂದರೆ ಮರ. ನಮಗೆ ಊರಿನ ಹೊರಗೆ. ಆದರೆ ಊರಿನ ಹೊರಗು ಯಾರದೂ ಅಲ್ಲದ್ದು ಅಂತಲ್ಲ. ಪ್ರತಿ ಬದುವಿಗೂ ಒಬ್ಬ ಧಣಿ ಇದ್ದಾನೆ, ಪ್ರತಿ ಹಳ್ಳದ ಮಡುವಿಗೂ ಅಲ್ಲಿ ಬಟ್ಟೆ ಒಗೆಯುವ ಒಂದು ಓಣಿ ಇದೆ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ, ಅವಕ್ಕೂ ಅದು ತಮ್ಮದೇ.

ಯಾರೂ ಇಲ್ಲದ ನೆಲ ಎಂಬ ಕಲ್ಪನೆ ನಮ್ಮದಲ್ಲ. ಅಮೆರಿಕದವರು 1964ರಲ್ಲಿ ಅದಕ್ಕೊಂದು ಕಾಯ್ದೆಯನ್ನೇ ಮಾಡಿ, ಮನುಷ್ಯ ಬಂದು ಹೋಗಬಹುದಾದ, ಆದರೆ ಉಳಿಯಬಾರದ ಜಾಗ ಎಂಬ ಅರ್ಥದಲ್ಲಿ ಕಾಡನ್ನು ಗೆರೆ ಕೊರೆದು ಬೇರೆ ಮಾಡಿದರು. ಹಾಗೆ ಬೇರೆ ಮಾಡಿದ ಎಷ್ಟೋ ನೆಲದಲ್ಲಿ ಅದಕ್ಕೆ ಮೊದಲು ಮೂಲನಿವಾಸಿಗಳು ಬಾಳಿದ್ದರು. ಕಾರಿನ ಹಿಂದೆ ಮನೆ ಎಳೆದುಕೊಂಡು ಸಾವಿರಾರು ಮೈಲಿ ಸುತ್ತುವ ಹವ್ಯಾಸಕ್ಕೆ ಹೆಸರಾದ ಆಸ್ಟ್ರೇಲಿಯಾದಲ್ಲೂ ನಡುನಾಡಿನ ಕೆಲವು ದಾರಿಗಳಿಗೆ ಅಲ್ಲಿನ ಮೂಲನಿವಾಸಿ ಸಮುದಾಯಗಳ ಪರವಾನಗಿ ಬೇಕು. ಚಿತ್ರಗಳಲ್ಲಿ ಬಟಾಬಯಲಾಗಿ ಕಾಣುವ ಕೆಂಪು ನೆಲಕ್ಕೂ ಮನೆಯವರಿದ್ದಾರೆ ಅಂತಾಯಿತು. ಕೇಳಿಯೇ ಒಳಗೆ ಹೋಗಬೇಕು.

ಹಾಗೆ ನೋಡಿದರೆ ಮನೆಮಂದಿಯೆಲ್ಲ ಗಾಲಿಯ ಮೇಲೆ ಹತ್ತಿ, ಒಲೆ ಹಾಸಿಗೆ ಸಮೇತ ದಿನಗಟ್ಟಲೆ ಹೋಗುವುದು ನಮಗೆ ಹೊಸದೇನಲ್ಲ. ಅದಕ್ಕೆ ನಾವು ಪ್ರವಾಸ ಅನ್ನಲಿಲ್ಲ, ಜಾತ್ರೆ ಅಂದೆವು.

ಎಂಬತ್ತರ ದಶಕದ ನಡುವೆ ಒಂದು ಮಾಘ ಮಾಸ. ಮಾನ್ವಿ ತಾಲೂಕಿನ ನಮ್ಮ ಊರಿನಿಂದ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೊರಟೆವು. ಹಿಂದೂಗಳಿಗೆ ಮೌನಪ್ಪಯ್ಯ, ಮುಸಲ್ಮಾನರಿಗೆ ಮೌನುದ್ದೀನ್ ಆದ ಆ ಸಂತನ ಗುಡಿ ಕೃಷ್ಣೆಯ ಆಚೆ ದಂಡೆ, ಸುರಪುರ ಸೀಮೆಯಲ್ಲಿ. ಅದಕ್ಕೆ ಹಿಂದಿನ ವರ್ಷದವರೆಗೂ ಬಂಡಿಯಲ್ಲೇ ಹೋಗುತ್ತಿದ್ದರು. ಆ ಸಲ ಸಣ್ಣ ಕಾಕಾ ಹೊಸದಾಗಿ ಟ್ರ್ಯಾಕ್ಟರ್ ತಂದಿದ್ದ. ಹತ್ತಡಿ ಉದ್ದ, ಆರಡಿ ಅಗಲದ ಟ್ರೇಲರ್. ತಳಕ್ಕೆ ಭತ್ತದ ಹುಲ್ಲು ಮೊಣಕಾಲುದ್ದ ಹಾಸಿ, ಮೇಲೆ ಜಮಖಾನೆ, ಅದರ ಮೇಲೆ ಕೌದಿ. ನಾಲ್ಕು ಮೂಲೆಗೆ ಬಿದಿರು ನಿಲ್ಲಿಸಿ ಬಗ್ಗಿಸಿ ಕಟ್ಟಿ ಮೇಲೊಂದು ತಾಡಪತ್ರಿ. ವಾರದ ಹಿಂದಷ್ಟೇ ಅದು ಹತ್ತಿ ಹೇರಿಗೆ ಹೊದಿಸಿಕೊಂಡು ರಾಯಚೂರು ಗಂಜಿಗೆ ಹೋಗಿ ಬಂದಿತ್ತು, ಮೂಲೆ ಮೂಲೆಗೆ ಹತ್ತಿಯ ಎಳೆ ಅಂಟಿತ್ತು. ಹಿಂದಿನ ಬಾಗಿಲ ಹತ್ತಿರ ನೀರಿನ ಕೊಡ, ಸೌದೆ, ಮೂರು ಕಲ್ಲು. ಕಲ್ಲು ಯಾಕೆ, ದಾರಿಯಲ್ಲಿ ಸಿಗುವುದಿಲ್ಲವೇ ಅಂತ ಕೇಳಿದ್ದಕ್ಕೆ ಅಜ್ಜಿ, "ಯರಿ ನೆಲದಾಗ ಕಲ್ಲು ಹುಡುಕ್ಕೋತ ಕುಂತರ ಉಣ್ಣೋದು ಯಾವಾಗ?" ಅಂದಿದ್ದಳು. ಆರು ಜನ ಹೆಂಗಸರು, ಒಂಬತ್ತು ಮಕ್ಕಳು, ಒಂದು ಬುಟ್ಟಿ ಸಜ್ಜಿ ರೊಟ್ಟಿ. ಕಟಕಟ ಅನ್ನುವ ಹಾಗೆ ಸುಟ್ಟು ಒಣಗಿಸಿದ್ದರಿಂದ ನಾಲ್ಕು ದಿನ ಕೆಡುವ ಮಾತಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಣ್ಣಿನ ಗಡಿಗೆಯಲ್ಲಿ ಮೊಸರು.

ಕಾರಿನಲ್ಲಿ ಈಗ ಒಂದು ಹೊತ್ತಿನೊಳಗೆ ಮುಗಿಯುವ ಆ ದಾರಿಗೆ ನಮಗೆ ಎರಡು ದಿನ ಹಿಡಿಯಿತು. ಟ್ರ್ಯಾಕ್ಟರ್ ನಿಧಾನ ಅಂತಲ್ಲ, ನಾವು ನಿಲ್ಲುತ್ತಿದ್ದುದೇ ಹೆಚ್ಚು. ಸಿರವಾರ ದಾಟಿದ ಮೇಲೆ ಒಂದು ಹುಣಸೆ ಮರ, ಅಲ್ಲಿ ಮಧ್ಯಾಹ್ನದ ಊಟ. ದೇವದುರ್ಗದ ಆಚೆ ಒಂದು ಊರಿನ ಹನುಮಪ್ಪನ ಗುಡಿ ಮುಂದೆ ರಾತ್ರಿ. ಅಲ್ಲಿ ಇಳಿಯುವ ಮುಂಚೆ ಕಾಕಾ ಊರೊಳಗೆ ಹೋಗಿ ಯಾರನ್ನೋ ಕಂಡು ಬಂದ. ಪರವಾನಗಿ ಅನ್ನುವ ದೊಡ್ಡ ಮಾತೇನಿಲ್ಲ. "ನಾವು ಮಾನ್ವಿ ಕಡೆಯವರು, ಮೌನಪ್ಪಯ್ಯಗ ಹೊಂಟೀವಿ, ರಾತ್ರಿ ಇಲ್ಲಿ ಇಳೀತೀವಿ" ಅಷ್ಟೇ. ಅದಕ್ಕೆ ಬಂದ ಉತ್ತರವೂ ಅಷ್ಟೇ ಚಿಕ್ಕದು: "ಇಳೀರಿ, ಬಾವಿ ಆ ಕಡೆ ಐತಿ." ಸ್ವಲ್ಪ ಹೊತ್ತಿಗೆ ಯಾರೋ ಒಂದು ಚರಿಗೆ ಮಜ್ಜಿಗೆ ತಂದಿಟ್ಟು ಹೋದರು. ನಸುಕಿಗೆ ಮುಂಚೆ ಅಜ್ಜಿ ಕಂದೀಲು ಹಿಡಿದು ನಿಂತು, ಹೆಂಗಸರನ್ನು ಗುಂಪು ಮಾಡಿ ಹಳ್ಳದ ಕಡೆ ಕರೆದುಕೊಂಡು ಹೋದಳು. ಜಾತ್ರೆಯ ತೇರು ನನಗೆ ನೆನಪಿಲ್ಲ. ಆ ಕಂದೀಲು ದೂರದಲ್ಲಿ ಅಲ್ಲಾಡುತ್ತಾ ಹೋದದ್ದು ನೆನಪಿದೆ.

ಎತ್ತುಗಳ ಕಾಲದಲ್ಲಿ ಇದಕ್ಕೆ ಕೊಳ್ಳ ಹರಿಯುವುದು ಅನ್ನುತ್ತಿದ್ದರು. ನೊಗದಿಂದ ಎತ್ತಿನ ಕೊರಳು ಬಿಡಿಸಿ, ಬಂಡಿಯ ಮೂಕಿ ನೆಲಕ್ಕೆ ಊರುವುದು. ಅದು ಎಲ್ಲೆಂದರಲ್ಲಿ ಆಗುವುದಿಲ್ಲ. ಎತ್ತಿಗೆ ನೀರು, ನೆರಳು, ಮೇವು ಬೇಕು. ಎತ್ತು ಬೇಡಿದ್ದರಿಂದ ಮನುಷ್ಯರಿಗೂ ಅವು ಸಿಕ್ಕವು. ದಾರಿಯ ಬಾವಿ, ಸಾಲು ಮರ, ಊರ ಹೊರಗೆ ದನ ಮೇಯುವ ಗಾಯರಾಣ ಇವೆಲ್ಲ ಎತ್ತಿನ ಹೊಟ್ಟೆಯ ಲೆಕ್ಕದಲ್ಲಿ ಹುಟ್ಟಿದ ಏರ್ಪಾಡು. ಇಂಜಿನ್ ಬಂದ ಮೇಲೆ ಬೇಕಾದದ್ದು ಡೀಸೆಲ್ ಮಾತ್ರ. ಪೆಟ್ರೋಲ್ ಬಂಕುಗಳು ಬಂದವು, ಬಾವಿಗಳು ಕಸ ತುಂಬಿಕೊಂಡವು. ನನ್ನ ವಾದ ಇರುವುದು ಈ ಜಾಗದಲ್ಲಿ. ಮನೆ ಕಟ್ಟಿಕೊಂಡು ದಾರಿ ಹಿಡಿಯುವವರಿಗೆ ಬೇಕಾಗಿರುವುದು ಎಳೆಯುವ ಬಲವಲ್ಲ, ಇಳಿಯುವ ಜಾಗ. ಬಲ ಒದಗಿಸುವುದಕ್ಕೆ ಕಂಪನಿಗಳಿವೆ. ಜಾಗ ಒದಗಿಸಬೇಕಾದವರು ನಾವು, ಊರಿನವರು, ಸರಕಾರ. ಅದನ್ನು ಯಾರೂ ತಮ್ಮ ಕೆಲಸ ಅಂದುಕೊಂಡಿಲ್ಲ.

ಹಳೆಯದನ್ನು ಹೊಗಳಿ ಕೈ ತೊಳೆದುಕೊಳ್ಳುವ ಉದ್ದೇಶ ನನಗಿಲ್ಲ. ಅದೇ ಜಾತ್ರೆಯಿಂದ ಮರಳುವಾಗ, ಜಾಲಹಳ್ಳಿ ಹತ್ತಿರದ ಒಂದು ಇಳಿಜಾರಿನಲ್ಲಿ ನಮ್ಮ ಟ್ರೇಲರಿನ ಹುಕ್ಕಿನ ಪಿನ್ನು ಕಳಚಿತು. ಪಿನ್ನು ಜಾರದಂತೆ ಸಿಕ್ಕಿಸುವ ಒಂದು ಗೇಣು ತಂತಿ ಎಲ್ಲೋ ಉದುರಿತ್ತು. ಟ್ರ್ಯಾಕ್ಟರ್ ಮುಂದೆ ಹೋಯಿತು, ನಾವು ಮೂಗು ನೆಲಕ್ಕೆ ಕುಕ್ಕಿ, ಅಡ್ಡ ತಿರುಗಿ ಬದುವಿಗೆ ಗುದ್ದಿ ನಿಂತೆವು. ಹುಲ್ಲು ದಪ್ಪ ಇದ್ದುದರಿಂದ ಬದುಕಿದೆವು. ಟ್ರೇಲರಿನ ತಗಡಿನ ಅಂಚು ಸೀಳಿದ ಗುರುತು ನನ್ನ ಎಡಗಾಲಿನಲ್ಲಿ ಇನ್ನೂ ಇದೆ. ಬೇಸಾಯದ ಬಹುಪಾಲು ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಇಂಜಿನ್ ನಿಧಾನಿಸಿದರೆ ಹಿಂದಿನ ಭಾರ ಬಂದು ಅದರ ಬೆನ್ನಿಗೆ ತಳ್ಳುತ್ತದೆ. ರಾತ್ರಿ ಹಿಂದಿನಿಂದ ಬರುವ ಲಾರಿಗೆ ದೀಪವಿಲ್ಲದ ಟ್ರೇಲರ್ ಕಾಣುವುದು ತೀರ ಹತ್ತಿರ ಬಂದ ಮೇಲೆ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರದ ಬಳಿ ದೇವಸ್ಥಾನದಿಂದ ಮರಳುತ್ತಿದ್ದವರ ಟ್ರ್ಯಾಕ್ಟರ್ ಟ್ರೇಲರ್ ನೀರಿನ ಹೊಂಡಕ್ಕೆ ಉರುಳಿ 25ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರೂ ನಮ್ಮ ಹಾಗೆಯೇ ಕೂತಿದ್ದಿರಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ, ಕಟುವಾಗಿಯೂ ಇದೆ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಹೆಂಡಿರು ಮಕ್ಕಳನ್ನು ಜಾತ್ರೆಗೆ ಕರೆದೊಯ್ದ ರೈತನ ಟ್ರೇಲರ್ ಮಗುಚಿದರೆ, ಸತ್ತವರ ಪರಿಹಾರ ಅವನ ಹೊಲದ ಮೇಲೆಯೇ ಬಂದು ಬೀಳಬಹುದು. ಹೀಗಿದ್ದೂ ಜನ ಯಾಕೆ ಬಸ್ಸು ಹತ್ತುವುದಿಲ್ಲ? ಜಾತ್ರೆಗೆ ವಿಶೇಷ ಬಸ್ಸು ಬಿಡುತ್ತಾರೆ, ನಿಜ. ಬಸ್ಸಿಗೆ ಒಲೆ ಹತ್ತುವುದಿಲ್ಲ, ಸೌದೆ ಹತ್ತುವುದಿಲ್ಲ, ಹಾಸಿಗೆ ಹಿಡಿದ ಮುದುಕಿಯನ್ನು ಮನೆ ಬಾಗಿಲಲ್ಲಿ ಹತ್ತಿಸಿ ಗುಡಿ ಬಾಗಿಲಲ್ಲಿ ಇಳಿಸುವುದಿಲ್ಲ. ಅದಕ್ಕಿಂತ ಮುಖ್ಯ, ಜಾತ್ರೆಯಲ್ಲಿ ರಾತ್ರಿ ಮಲಗಲು ಬಸ್ಸು ನಿಂತಿರುವುದಿಲ್ಲ. ಟ್ರೇಲರ್ ಅವರಿಗೆ ವಾಹನ ಮಾತ್ರವಲ್ಲ, ಲಾಡ್ಜು. ಲಾಡ್ಜಿನ ಬಾಡಿಗೆ ಕೊಡಲಾಗದವರು ಪ್ರಾಣವನ್ನು ಒತ್ತೆ ಇಡುತ್ತಿದ್ದಾರೆ ಎಂಬುದನ್ನು ಪೊಲೀಸರ ದಂಡದ ರಸೀದಿ ಸರಿಮಾಡುವುದಿಲ್ಲ. ಬ್ರೇಕು, ಹುಕ್ಕಿಗೆ ಜೋಡು ಸರಪಳಿ, ಎತ್ತರದ ಕಟಾಂಜನ, ಹಿಂದೆ ಹೊಳೆಯುವ ಪಟ್ಟಿ ಇರುವ ಟ್ರೇಲರನ್ನು ತಪಾಸಣೆ ಮಾಡಿ, ಜಾತ್ರೆಯ ಐದು ದಿನಕ್ಕೆ ವಿಮೆ ಸಮೇತ ರಹದಾರಿ ಕೊಡುವುದು ಆಗದ ಕೆಲಸವೇನೂ ಅಲ್ಲ. ಪಟ್ಟಣದವರ ಟ್ರೇಲರಿಗೆ ನಿಯಮ ಬರೆಯಲು ಸರಕಾರಗಳಿಗೆ ಪುರಸೊತ್ತಿದೆ ತಾನೆ?

ಪುರಸೊತ್ತು ಇದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದು, ಗಾಡಿ ಕೊಳ್ಳುವವರಿಗೆ ಸಹಾಯಧನ, ಗಾಡಿ ನಿಲ್ಲಿಸುವ ಪಾರ್ಕುಗಳಿಗೆ ಉತ್ತೇಜನ ಎಂದಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಬಂದು ಕೂತಿದೆ. ನನ್ನ ತಕರಾರು ಕ್ಯಾರವಾನ್ ಬಗ್ಗೆ ಅಲ್ಲ. ಆ ಪದವನ್ನು ನಾವು ಇವತ್ತು ಕಲಿತವರ ಹಾಗೆ ಆಡುವುದರ ಬಗ್ಗೆ.

ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆ ಓಡಾಡಿದರೆ ಊರಿನ ಹೆಸರಿನ ಜೊತೆ ತಾಂಡಾ ಎಂಬ ಬೋರ್ಡು ಎಷ್ಟೋ ಕಡೆ ಸಿಗುತ್ತದೆ. ತಾಂಡಾ ಎಂದರೆ ಈಗ ಲಂಬಾಣಿಗರ ಊರು. ಮೊದಲು ಅದು ಊರಲ್ಲ, ಊರಿಲ್ಲದೆ ನಡೆಯುವವರ ಸಾಲು. ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿ, ಹೆಂಡತಿ ಮಕ್ಕಳ ಸಮೇತ ದಖನ್ನಿನ ಉದ್ದಗಲಕ್ಕೆ ನಡೆದ ಬಣಜಾರರ ಸಾಲು. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡಕ್ಕೆ ವಜ್ರ ಕೊಳ್ಳಲು ಬರುತ್ತಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಕಂಡದ್ದನ್ನು ಬರೆದಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಅವು ಎದುರಾದರೆ ದಾಟುವವರೆಗೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಅಂಥ ಸಾಲನ್ನು ನಿಲ್ಲಿಸಿದ್ದು ಯಾವ ಸೈನ್ಯವೂ ಅಲ್ಲ, ರೈಲು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿ, ಮದರಾಸು ಕಡೆಯಿಂದ ಬಂದ ಹಳಿ ಎರಡೂ ಕೂಡಿದ್ದು ನಮ್ಮ ರಾಯಚೂರು ಸ್ಟೇಷನ್ನಿನಲ್ಲೇ. ಸರಕು ಹಳಿ ಹತ್ತಿತು. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಂದು ಕಡೆ ನೆಲೆ ನಿಲ್ಲದೆ ಅಲೆಯುವುದೇ ಗುಮಾನಿಗೆ ಕಾರಣವಾದ ಕಾಲ ಅದು. ನಡೆಯುವ ಸಾಲು ಎಲ್ಲೆಲ್ಲಿ ನಿಂತಿತೋ ಅಲ್ಲಲ್ಲಿ, ಊರಿನಿಂದ ಅಷ್ಟು ದೂರಕ್ಕೆ, ತಾಂಡಾ ಎಂಬ ಹೆಸರು ನೆಲಕ್ಕೆ ಅಂಟಿಕೊಂಡಿತು. ಅದೇ ತಾಂಡಾಗಳಿಂದ, ಅದೇ ದೇವದುರ್ಗದ ಹಳ್ಳಿಗಳಿಂದ ಇವತ್ತು ರಾತ್ರಿ ಬಸ್ಸುಗಳು ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರನ್ನು ಹೊತ್ತೊಯ್ಯುತ್ತವೆ. ಅವರ ಗಂಟಿನಲ್ಲೂ ತಾಡಪತ್ರಿ ಇರುತ್ತದೆ. ಊರಲ್ಲಿ ಹತ್ತಿಗೆ ಹೊದಿಸಿದ್ದು ಅಲ್ಲಿ ಕಟ್ಟಡದ ಪಕ್ಕ ಸೂರಾಗುತ್ತದೆ. ಮಹಾನಗರದ ಜನ ವಾರಕ್ಕೆರಡು ದಿನ ಗಾಲಿಯ ಮೇಲೆ ಬದುಕುವ ಸುಖ ಹುಡುಕಿ ಹೊರಟ ದಾರಿಯಲ್ಲೇ ಇವರು ಎದುರು ಬರುತ್ತಾರೆ.

ಇದನ್ನು ಹೇಳಿ ಯಾರಿಗೂ ನಾಚಿಕೆ ಹುಟ್ಟಿಸುವ ಆಸೆ ನನಗಿಲ್ಲ. ಅಣ್ಣನ ಮಗ ದುಡಿದು ತಿನ್ನುವವನು, ಮಗಳಿಗೆ ಅಜ್ಜನ ಸೀಮೆ ತೋರಿಸಬೇಕು ಅನ್ನುವವನು. ಅವನ ಆಸೆ ತಪ್ಪಲ್ಲ. ಅವನಿಗೆ ಬೇಕಾದದ್ದೂ, ಜಾತ್ರೆಗೆ ಹೊರಟವರಿಗೆ ಬೇಕಾದದ್ದೂ, ಕುರಿ ಹೊಡೆದುಕೊಂಡು ಹೋಗುವವರಿಗೆ ಬೇಕಾದದ್ದೂ ಒಂದೇ ಅನ್ನುವುದಷ್ಟೇ ನನ್ನ ಮಾತು: ನೀರು, ನೆರಳು, ಪಾಯಿಖಾನೆ, ದೀಪ, ಮತ್ತು ಇಲ್ಲಿ ನಿಂತರೆ ಯಾರೂ ಬೈಯುವುದಿಲ್ಲ ಅನ್ನುವ ನಂಬಿಕೆ.

ಕುರಿಗಾರರ ಮಾತು ಬಂತಲ್ಲ, ನಿಲ್ಲುವ ಕಲೆಯನ್ನು ಇವತ್ತಿಗೂ ಉಳಿಸಿಕೊಂಡವರು ಅವರೇ. ಭತ್ತ ಕೊಯ್ಲಾದ ಮೇಲೆ ಮಾನ್ವಿ ಕಡೆಯ ಗದ್ದೆಗಳಲ್ಲಿ ಅವರ ಹಟ್ಟಿ ಕಾಣುತ್ತದೆ. ಬಲೆ ಕಟ್ಟಿದ ದೊಡ್ಡಿಯೊಳಗೆ ಕೆಂಗುರಿಗಳು, ಒಂದು ಮಗ್ಗುಲಿಗೆ ಸಣ್ಣ ಡೇರೆ, ಡೇರೆಯ ಮುಂದೆ ಒಲೆ, ಒಲೆಯ ಮುಂದೆ ಕೂಸು. ಅವರು ಬೇಡಿಕೊಂಡು ನಿಂತವರಲ್ಲ. ಹೊಲದವನೇ ಕರೆಸಿರುತ್ತಾನೆ. ಕುರಿ ಒಂದು ರಾತ್ರಿ ತಂಗಿದರೆ ಹಿಕ್ಕಿ, ಗಂಜಳ ಬಿದ್ದು ನೆಲಕ್ಕೆ ಸತ್ವ, ಅದಕ್ಕೆ ಪ್ರತಿಯಾಗಿ ದುಡ್ಡೋ ಕಾಳೋ ಕೊಡುತ್ತಾನೆ. ಬಂದು ಇಳಿಯುವವನು ನೆಲಕ್ಕೆ ಏನಾದರೂ ಕೊಟ್ಟು ಹೋಗುವ ಲೆಕ್ಕ ಇದು. ಪೇಟೆಯ ಟ್ರೇಲರ್ ನಮ್ಮ ಬಯಲಿಗೆ ಏನು ಬಿಟ್ಟು ಹೋಗುತ್ತದೆ? ಎಲ್ಲವನ್ನೂ ಹೊತ್ತುಕೊಂಡೇ ಬಂದಿರುತ್ತದೆ, ಅಕ್ಕಿ ಬೇಳೆ ನೀರು ಕರೆಂಟು ಸಮೇತ. ಯಾರ ಹಂಗೂ ಬೇಡ ಅನ್ನುವುದೇ ಅದರ ಹೆಮ್ಮೆ. ಬಿಟ್ಟು ಹೋಗುವುದು ಪ್ಲಾಸ್ಟಿಕ್ ಬಾಟಲಿ. ಸಂಡಾಸಿನ ಡಬ್ಬಿ ತುಂಬಿದಾಗ ಅದನ್ನು ಬರಿದು ಮಾಡಲು ಗೊತ್ತಾದ ಜಾಗವಿಲ್ಲದಿದ್ದರೆ ಹಳ್ಳ. ಹಂಗಿಲ್ಲದ ಪ್ರಯಾಣ ಅಂತ ನಾವು ಕರೆಯುವುದು ಬಹಳ ಸಲ ಹೊಣೆ ಇಲ್ಲದ ಪ್ರಯಾಣ.

ಕೇಳಿ ನಿಲ್ಲುವ ಪದ್ಧತಿಗೂ ಒಂದು ಮುಳ್ಳಿತ್ತು. "ನಾವು ಮಾನ್ವಿ ಕಡೆಯವರು" ಅಂದಾಗ ಆ ಊರಿನವರು ಮುಂದೆ ಕೇಳದೆಯೇ ತಿಳಿದುಕೊಂಡದ್ದು ನಮ್ಮ ಜಾತಿಯನ್ನು. ಕಾಕಾನ ರುಮಾಲು, ಅಜ್ಜಿಯ ಸೀರೆ, ಮಾತಿನ ವೈಖರಿ ಅದನ್ನು ಹೇಳಿದ್ದವು. ಬಾವಿ ಆ ಕಡೆ ಐತಿ ಅಂದದ್ದು ಅದನ್ನು ತಿಳಿದ ಮೇಲೆ. ಅದೇ ರಾತ್ರಿ ಗುಡಿಯಿಂದ ದೂರಕ್ಕೆ, ಹಳ್ಳದ ಆಚೆ ಇನ್ನೊಂದು ಟ್ರೇಲರ್ ನಿಂತಿತ್ತು. ಅವರೂ ಮೌನಪ್ಪಯ್ಯನ ಜಾತ್ರೆಗೇ ಹೊರಟವರು. ಅವರಿಗೆ ಬಾವಿಯ ದಾರಿ ಯಾರೂ ತೋರಿಸಲಿಲ್ಲ, ನಮ್ಮ ಮನೆಯವರೇ ಯಾರೋ ಸೇದಿ ಮೇಲಿನಿಂದ ಕೊಡಕ್ಕೆ ಸುರಿದರು. ನನಗಾಗ ಅದು ಉಪಕಾರವಾಗಿ ಕಂಡಿತ್ತು. ಆದ್ದರಿಂದಲೇ, ಹಳೆಯ ಆತಿಥ್ಯವನ್ನು ಹಾಗೇ ಎತ್ತಿ ತರಬೇಕು ಅನ್ನುವವರ ಜೊತೆ ನಾನಿಲ್ಲ. ಮಂದಿಯ ಮರ್ಜಿಯ ಮೇಲೆ ನಿಂತ ಜಾಗ ಎಲ್ಲರಿಗೂ ಜಾಗವಲ್ಲ. ಯಾರೂ ಯಾರನ್ನೂ ಕೇಳಬೇಕಿಲ್ಲದ, ಎಲ್ಲರ ಹೆಸರಿನಲ್ಲಿರುವ, ಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬರೆದಿರುವ ನೆಲವೇ ಬೇಕು.

ಅಂಥದ್ದು ಈಗಾಗಲೇ ಇದೆಯಲ್ಲ ಅನ್ನಬಹುದು. ತಾಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಕಟ್ಟಡವಿದೆ, ಕಮಾನಿನ ಮೇಲೆ ಪ್ರವಾಸಿ ಮಂದಿರ ಅಂತ ಬರೆದಿದೆ. ಮಾನ್ವಿಯಲ್ಲಿದೆ, ದೇವದುರ್ಗದಲ್ಲಿದೆ. ಜನ ಅದಕ್ಕೆ ಐಬಿ ಅನ್ನುತ್ತಾರೆ. ನೆರಳಿದೆ, ನೀರಿದೆ, ವಿಶಾಲ ಅಂಗಳವಿದೆ. ಅಲ್ಲಿ ಮಂತ್ರಿಗಳು ಇಳಿಯುತ್ತಾರೆ, ಪಕ್ಷಗಳ ಸಭೆ ಆಗುತ್ತದೆ, ಪತ್ರಿಕಾಗೋಷ್ಠಿ ಆಗುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಪ್ರವಾಸಿಯನ್ನು ಮಾತ್ರ ನಾನು ಅಲ್ಲಿ ಕಂಡಿಲ್ಲ. ಕನ್ನಡದಲ್ಲಿ ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳುವ ಬೋರ್ಡು ಇನ್ನೊಂದಿರಲಾರದು.

ಕ್ಯಾರವಾನ್ ಪಾರ್ಕು ಬಂದರೆ ಊರಿಗೆ ದುಡ್ಡು ಬರುತ್ತದೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ರಾಯಚೂರು ಕೋಟೆ, ಗಬ್ಬೂರಿನ ಗುಡಿಗಳು, ಕೊಪ್ಪರದ ಕೃಷ್ಣೆಯ ದಂಡೆ, ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಇವನ್ನೆಲ್ಲ ನೋಡಲು ಜನ ಬರಲಿ, ನಿಲ್ಲಲಿ. ಆದರೆ ಬೇಲಿ ಹಾಕಿ ದಿನಕ್ಕೆ ಎರಡು ಸಾವಿರ ಅಂತ ದರ ಬರೆದ ಪಾರ್ಕು ಒಂದು ತಾಲೂಕಿಗೆ ಒಂದು ಬಂದರೆ, ದಾರಿಯ ಉಳಿದವರ ಪಾಡು ಹಾಗೇ ಉಳಿಯುತ್ತದೆ. ಅದೇ ದುಡ್ಡಿನಲ್ಲಿ ದೊಡ್ಡ ರಸ್ತೆಗಳ ಪಕ್ಕ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗೆ ಒಂದರಂತೆ ಎಕರೆ ಎಕರೆ ಗಾಯರಾಣ ಬಿಡಿಸಿ ಕೊಡಬಹುದು. ನಮ್ಮದು ಯರಿ ನೆಲ, ಒಂದು ಮಳೆ ಬಿದ್ದರೆ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಹಾಗಾಗಿ ಮೊದಲು ಗರಸು ಹಾಕಿ ಬಿಗಿ ಮಾಡಬೇಕು. ಆಮೇಲೆ ಕೊಳಾಯಿ, ಹೆಂಗಸರು ರಾತ್ರಿ ಹೆದರದೆ ಹೋಗುವ ಹಾಗೆ ದೀಪವಿರುವ ಪಾಯಿಖಾನೆ, ಅಡುಗೆಗೆ ಒಂದು ಕಟ್ಟೆ. ನೋಡಿಕೊಳ್ಳಲು ಆ ಊರಿನ ಹೆಂಗಸರ ಸಂಘ, ಬೇಕಾದರೆ ಅಲ್ಲೇ ಮಂಡಾಳ ಒಗ್ಗರಣಿ, ಮಿರ್ಚಿ ಮಾರಿಕೊಳ್ಳಲಿ. ಹೈದರಾಬಾದಿನ ಕಾರೂ ಅಲ್ಲೇ ನಿಲ್ಲಲಿ, ಜಾತ್ರೆಯ ಟ್ರೇಲರೂ ಅಲ್ಲೇ ನಿಲ್ಲಲಿ. ಕಾರಿನವರು ಹೆಚ್ಚು ದುಡ್ಡು ಕೊಡಲಿ, ಅಡ್ಡಿಯಿಲ್ಲ, ನೀರಿನ ಕೊಳಾಯಿ ಮಾತ್ರ ಒಂದೇ ಇರಲಿ.

ಮರದ ವಿಷಯ ಬೇರೆಯೇ ಹೇಳಬೇಕು. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆ ಬಿಸಿಲಲ್ಲಿ ಮರವಿಲ್ಲದ ಕಡೆ ನಿಂತ ಟ್ರೇಲರ್, ಅದು ಎಷ್ಟೇ ಲಕ್ಷದ್ದಾಗಿರಲಿ, ಹಂಚಿನ ಮೇಲಿಟ್ಟ ರೊಟ್ಟಿ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಮರ. ಬದಲಿಗೆ ನೆಟ್ಟ ಸಸಿಗೆ ಹುಣಸೆಯ ನೆರಳು ಬರಲು ಒಬ್ಬ ಮನುಷ್ಯನ ಅರ್ಧ ಆಯುಷ್ಯ ಬೇಕು. ನಮ್ಮ ಸಾಲು ಮರಗಳನ್ನು ನೆಟ್ಟವರು ತಮಗಾಗಿ ನೆಟ್ಟಿರಲಿಲ್ಲ.

ಅಣ್ಣನ ಮಗ ಬಂದ. ಫೆಬ್ರವರಿ ಕೊನೆಯ ವಾರ. ಮೊದಲ ರಾತ್ರಿ ನಮ್ಮ ಕಣದಲ್ಲೇ ಟ್ರೇಲರ್ ನಿಲ್ಲಿಸಿದೆವು. ಓಣಿಯವರೆಲ್ಲ ಬಂದು ಹಿಂಬಾಗಿಲು ತೆಗೆಸಿ ಒಲೆ ನೋಡಿ ಹೋದರು. "ಇದರಾಗ ರೊಟ್ಟಿ ಬಡಿಯೋದು ಎಲ್ಲಿ?" ಅನ್ನುವುದೊಂದೇ ಎಲ್ಲರ ಪ್ರಶ್ನೆ, ಅದಕ್ಕೆ ಆ ಕಂಪನಿಯವರು ಉತ್ತರ ಇಟ್ಟಿರಲಿಲ್ಲ. ಮರುದಿನ ನಾನೂ ಜೊತೆಗೆ ಕೂತೆ. ಸಿರವಾರ ದಾಟಿ ಆ ಹುಣಸೆ ಮರ ಇನ್ನೂ ಇದೆಯೋ ಇಲ್ಲವೋ ಅನ್ನುವ ಅಳುಕಿನಲ್ಲೇ ಹೋದೆ. ಇತ್ತು. ಕೆಳಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಐದು ವರ್ಷದ ಮೊಮ್ಮಗಳು ಮರ ಸುತ್ತಿ ಬಂದಳು. ಕಾಂಡದ ಒಂದು ಕಡೆ ತೊಗಟೆ ಹೆರೆದು ಕೆಂಪು ಬಣ್ಣದಲ್ಲಿ 84 ಅಂತ ಬರೆದಿದ್ದರು. ಮುಂದಿನ ಬೇವಿಗೆ 85, ಅದರ ಮುಂದಿನದಕ್ಕೆ 86.

"ತಾತಾ, 84 ನಮ್ಮ ಗಾಡಿ ನಿಲ್ಲಿಸೋ ನಂಬರಾ?" ಅಂತ ಕೇಳಿದಳು.

ಹ್ಞೂಂ ಅಂದೆ. ಅವಳಪ್ಪ ನನ್ನ ಮುಖ ನೋಡಿದ, ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದ.